ಎಪಿಡಾರಸ್‌ನಲ್ಲಿ ಎತ್ತಿದ ಟವೆಲ್

ಅವತ್ತು ಗ್ರೀಸ್ ದೇಶದ ಎಪಿಡಾರಸ್‌ನ ಆ ಕಲ್ಲಿನ ರಂಗಸ್ಥಳದಲ್ಲಿ ನಮ್ಮ ಕಡೆಯವರು ಅಂತ ಇದ್ದದ್ದು ಮೂರೇ ಜನ. ನಾನು, ನನ್ನ ಅಕ್ಕ, ಅಕ್ಕನ ಗಂಡ. ಬೆಂಗಳೂರಿನಿಂದ ಅದೇ ಪ್ರವಾಸದ ಗುಂಪಿನಲ್ಲಿ ಬಂದ ಉಳಿದವರು ಪೈನ್ ಮರಗಳ ನೆರಳಿನಲ್ಲಿ ನಿಂತು ಫೋಟೋ ಹಿಡಿದುಕೊಳ್ಳುತ್ತಿದ್ದರು. ಗುಂಪಿಗೆ ದಾರಿ ತೋರಿಸುತ್ತಿದ್ದ ಆ ದೇಶದ ಹೆಂಗಸೊಬ್ಬರು, ಕೊರಳಿಗೆ ಸೀಟಿ ನೇತುಹಾಕಿಕೊಂಡ ಕಾವಲುಗಾರನೊಬ್ಬ, ಕೆಳಗಿನ ಸಾಲಿನ ಕಲ್ಲಿನ ಮೇಲೆ ಮಲಗಿದ್ದ ಒಂದು ಹಳದಿ ಬೆಕ್ಕು. ಅಕ್ಕನಿಗೆ ಮಂಡಿನೋವು, ಅವಳು ಬೆಕ್ಕಿನ ಪಕ್ಕದಲ್ಲೇ ಕೂತು ಫೋನು ಹಿಡಿದು ವಿಡಿಯೋಗೆ ಸಿದ್ಧವಾಗಿದ್ದಳು. ಭಾವ ಕಟ್ಟಕಡೆಯ ಮೇಲಿನ ಸಾಲಿನಲ್ಲಿ, ಆಕಾಶಕ್ಕೆ ಅಂಟಿಸಿದ ಹಾಗೆ, ಹೆಬ್ಬೆರಳಿನ ಗಾತ್ರ ಕಾಣುತ್ತಿದ್ದರು. ಅವರ ಹೆಗಲ ಮೇಲೆ ಕೆಂಪಂಚಿನ ಬಿಳಿ ಟವೆಲ್. ನಾನು ನಟ್ಟನಡುವಿನ ದುಂಡು ಕಲ್ಲಿನ ಮೇಲೆ.

ಆ ಟವೆಲ್ ಮೇಲೇಳುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ನಾನು ಸಮುದ್ರ ದಾಟಿ ಹೋದದ್ದು. ಯಾಕೆ ಅಂತ ಹೇಳಬೇಕಾದರೆ ಒಂದು ಸಲ ಊರಿಗೆ ಹೋಗಿ ಬರಬೇಕು.

ನಮ್ಮದು ದೊಡ್ಡಬೆಳವಂಗಲದ ಕಡೆ. ರಾಗಿ ಹೊಲ ಇದೆ, ನಾನು ನೆಲಮಂಗಲದ ಗೋದಾಮೊಂದರಲ್ಲಿ ಮೇಲ್ವಿಚಾರಕನಾಗಿ ದುಡಿದವನು. ಆದರೆ ಊರಿನಲ್ಲಿ ನನ್ನ ಗುರುತು ಇವೆರಡೂ ಅಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮೂರಿನಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಅದರಲ್ಲಿ ರಾಜನ ಪಾತ್ರ ನನ್ನದು. ಕಿರೀಟ, ಭುಜಕೀರ್ತಿ, ಗದೆ ಎಲ್ಲ ಬಾಡಿಗೆಗೆ ಬರುತ್ತಿದ್ದವು. ಧ್ವನಿ ಮಾತ್ರ ಸ್ವಂತದ್ದು ಎಂದು ನಾನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಜನ ಬಯಲಿನಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು, ರಂಗದ ಮುಂದೆ ಎರಡು ಮೈಕು ನಿಂತಿರುತ್ತಿದ್ದವು. ಉಳಿದ ಪಾತ್ರಧಾರಿಗಳೆಲ್ಲ ಅವುಗಳ ಬಾಯಿಗೆ ಬಾಯಿಟ್ಟು ಮಾತಾಡುವರು. ನಾನು ಆ ಕಡೆಗೇ ಹೋಗುತ್ತಿರಲಿಲ್ಲ. ರಾಜನಾದವನು ಕಬ್ಬಿಣದ ಕೋಲಿನ ಮುಂದೆ ಬಗ್ಗಿ ನಿಂತು ಗುಟುರು ಹಾಕುವುದೇ? ರಂಗದ ಹಿಂಭಾಗದಿಂದಲೇ, ಎದೆಯಿಂದಲೇ ಹೇಳುತ್ತಿದ್ದೆ.

ಅದು ಕೊನೆಯ ಸಾಲಿಗೆ ಮುಟ್ಟುತ್ತಿತ್ತೇ? ಮುಟ್ಟುತ್ತಿತ್ತು. ಅದಕ್ಕೆ ಸಾಕ್ಷಿ ಭಾವನ ಟವೆಲ್.

ಭಾವನದು ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಶೆಡ್ಡು. ಮಗ್ಗ ಓಡುವಾಗ ಒಳಗೆ ಹೋದವರಿಗೆ ಗೊತ್ತು, ಅಲ್ಲಿ ಪಕ್ಕದವನು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯವರು ಕೈಯಲ್ಲೇ ಮಾತಾಡುತ್ತಾರೆ. ನೂಲು ತುಂಡಾಯಿತು ಅಂದರೆ ಎರಡು ಬೆರಳು, ಊಟಕ್ಕೆ ಬಾ ಅಂದರೆ ಬಾಯಿಗೆ ಕೈ, ಸರಿಯಾಯಿತು ಅಂದರೆ ಹೆಗಲ ಟವೆಲ್ ತೆಗೆದು ತಲೆಯ ಮೇಲೆ ಎತ್ತುವುದು. ಭಾವ ಆ ಅಭ್ಯಾಸವನ್ನು ನಮ್ಮ ತಾಲೀಮಿಗೆ ತಂದರು. ಶಾಲೆಯ ಬಯಲಿನಲ್ಲಿ ನಾನು ಜಗಲಿಯ ಮೇಲೆ ನಿಂತು ಮಾತು ಹೇಳುವುದು, ಅವರು ಬಯಲಿನ ಆ ತುದಿಯ ಹುಣಸೆಮರದ ಕೆಳಗೆ ನಿಂತು ಕೇಳುವುದು. ಕೇಳಿಸಿದರೆ ಟವೆಲ್ ಮೇಲೆ. ಕೇಳಿಸದಿದ್ದರೆ ಟವೆಲ್ ಹೆಗಲ ಮೇಲೆಯೇ. ನಾಟಕದ ದಿನವೂ ಅಷ್ಟೇ, ಜನರ ಹಿಂದೆ ಆ ಟವೆಲ್ ಏಳುವುದನ್ನು ಓರೆಗಣ್ಣಿನಲ್ಲಿ ನೋಡಿಯೇ ನಾನು ಮುಂದಿನ ಮಾತಿಗೆ ಹೋಗುತ್ತಿದ್ದೆ. ಇಷ್ಟು ವರ್ಷದಲ್ಲಿ ಅದು ಏಳದೇ ಇದ್ದ ದಿನವೇ ಇಲ್ಲ.

ಅದು ಅನುಮಾನ ಪಡಬೇಕಾದ ಸಂಗತಿ ಅಂತ ನನಗೆ ಹೊಳೆಯಲೇ ಇಲ್ಲ.

ಈಗ ನಾಟಕದ ಉಸ್ತುವಾರಿ ನನ್ನ ತಮ್ಮನದು. ಒಂದು ವರ್ಷ ತಾಲೀಮಿಗೆ ಅವನು ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ಮೈಕು ತಂದ.

"ಅಣ್ಣಾ, ಇದನ್ನ ಹಾಕ್ಕೋ. ಕಿರೀಟದ ಮರೇಲಿ ಕಾಣ್ಸೋದೂ ಇಲ್ಲ."

"ನಂಗ್ಯಾತಕ್ಕಪ್ಪ ಅದು?"

"ಹಿಂದಕ್ಕೆ ಕೇಳಲ್ಲ ಅಣ್ಣಾ. ಬಾಯಿ ಆಡೋದು ಕಾಣ್ತೈತೆ, ಅಷ್ಟೆ. ನಿನ್ನ ಪಾತ್ರ ಬಂದಾಗ ಹಿಂದಿನ ಜನ ಟೀ ಕುಡಿಯೋಕೆ ಎದ್ದೋಗ್ತಾರೆ."

ಪಾತ್ರಧಾರಿಗಳೆಲ್ಲ ಸುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. "ಎದ್ದೋಗೋರು ಹೋಗ್ಲಿ ಬಿಡು. ಕೊನೇಲಿ ನಿಂತು ಕೇಳಿದ ಸಾಕ್ಷಿ ಇಲ್ಲೇ ಇದಾರಲ್ಲ, ಅವರನ್ನೇ ಕೇಳು" ಎಂದೆ.

ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಕೆಮ್ಮಿದರು. "ಕೇಳಿಸ್ತದಪ್ಪ. ಒಂದೊಂದು ಮಾತೂ ಗಂಟೆ ಹೊಡೆದಂಗೆ ಕೇಳಿಸ್ತದೆ."

ತಮ್ಮ ಅವರ ಎದುರಿಗೆ ಹೋಗಿ ನಿಂತ. "ಎದೆ ಮುಟ್ಕೊಂಡು ಹೇಳಿ ಭಾವ."

ಭಾವ ಹೆಗಲ ಟವೆಲ್ ಸರಿಮಾಡಿಕೊಂಡರು. "ಅದೇನು ಎದೆ ಮುಟ್ಕೊಳ್ಳೋದು? ಕೇಳಿಸ್ತದೆ ಅಂದ್ನಲ್ಲ."

ಅಷ್ಟು ಜನರ ಮುಂದೆ ತಮ್ಮ ಸುಳ್ಳುಗಾರನಾದ. ಹೊಟ್ಟೆಕಿಚ್ಚಿನವನು ಎಂದು ನಾನು ಅಂದೆ, ಸುತ್ತಲಿದ್ದವರೂ ಅಂದರು. ಅವನು ಆ ಪುಟ್ಟ ಮೈಕನ್ನು ಡಬ್ಬಿಯೊಳಗೆ ಇಟ್ಟುಕೊಂಡು ಹೊರಟುಹೋದ. ಮೈಕು ಒಲ್ಲೆ ಎಂದದ್ದಕ್ಕೆ ಆ ವರ್ಷ ರಾಜನ ಪಾತ್ರ ಬೇರೆಯವರಿಗೆ ಹೋಯಿತು. ನಾನು ತಾಲೀಮಿನ ಕಡೆ ತಲೆ ಹಾಕುವುದನ್ನೂ, ತಮ್ಮನ ಜೊತೆ ಮಾತನ್ನೂ ಬಿಟ್ಟೆ. ಅವನ ಮಗಳ ಮದುವೆಗೂ ಹೋಗಲಿಲ್ಲ. ಧಾರೆಯ ಹೊತ್ತಿನಲ್ಲಿ ನಾನು ಭಾವನ ಮಗ್ಗದ ಶೆಡ್ಡಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. "ಬಿಡ್ಲಾ, ನಿನ್ನ ಧ್ವನಿ ಏನು ಅಂತ ನಂಗೊತ್ತಿಲ್ವಾ" ಎಂದು, ಅಕ್ಕನನ್ನು ಮಾತ್ರ ಮದುವೆಗೆ ಕಳಿಸಿದ್ದ ಅವರು ಮಗ್ಗದ ಸದ್ದಿನ ಮೇಲೆ ಕೂಗಿ ಸಮಾಧಾನ ಹೇಳಿದ್ದರು.

ಗ್ರೀಸಿನ ಯೋಚನೆ ಬಂದದ್ದೂ ಅವರಿಂದಲೇ. ನಮಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಹಿಂದೆ ಒಂದು ಮಾತು ಹೇಳುತ್ತಿದ್ದರು: ಸಮುದ್ರದಾಚೆ ಗ್ರೀಕರ ದೇಶದಲ್ಲಿ ಬೆಟ್ಟದ ಮಗ್ಗುಲನ್ನೇ ಕಡಿದು ಮಾಡಿದ ರಂಗಸ್ಥಳ ಇದೆಯಂತೆ, ನಡುವೆ ನಿಂತು ಬೆಂಕಿಕಡ್ಡಿ ಗೀರಿದರೆ ತುತ್ತತುದಿಯ ಸಾಲಿಗೆ ಕೇಳುವುದಂತೆ. ಭಾವ ಅದನ್ನು ನೆನಪಿಟ್ಟುಕೊಂಡು ಒಂದು ದಿನ ಪ್ರವಾಸದವರ ಹಾಳೆಯೊಂದನ್ನು ಹಿಡಿದು ಬಂದರು. "ಲೇ ಭಾಮೈದ, ನಡಿ. ಅಲ್ಲಿ ನಿಂತ್ಕೊಂಡು ಹೇಳು. ನಾನು ಮೇಲಿನ ಸಾಲಲ್ಲಿ ಕೂತ್ಕೊಂಡು ಟವೆಲ್ ಎತ್ತೀನಿ. ನಿಮ್ಮಕ್ಕ ವಿಡಿಯೋ ಹಿಡೀತಾಳೆ. ತಂದು ನಿನ್ನ ತಮ್ಮನ ಮುಖಕ್ಕೆ ಹಿಡೀವಿಯಂತೆ."

ತಮ್ಮನ ಮುಖಕ್ಕೆ ಹಿಡಿಯುವುದು! ಅದೊಂದು ಮಾತಿಗೆ ನಾನು ಒಪ್ಪಿಬಿಟ್ಟೆ. ನನ್ನ ಹೆಂಡತಿಗೆ ವಿಮಾನವೆಂದರೆ ಭಯ. ದಿನಕ್ಕೆ ಎಷ್ಟೋ ವಿಮಾನ ನಮ್ಮ ಹೊಲದ ಮೇಲೆಯೇ ದೇವನಹಳ್ಳಿ ಕಡೆಗೆ ಇಳಿಯುತ್ತವೆ, ಆದರೂ ಅವಳು ಇವತ್ತಿಗೂ ತಲೆಯೆತ್ತಿ ನೋಡುವುದಿಲ್ಲ. "ನೀವು ಅಕ್ಕನ ಜೊತೆ ಹೋಗ್ಬನ್ನಿ, ನಂಗೆ ಹಸು ಇದೆ" ಎಂದಳು.

ಹೋಗಿ ಬಂದ ಮೇಲೆ ಈಗ ನಮ್ಮ ಕಡೆ ಯಾರೇ ಆ ದಿಕ್ಕಿಗೆ ಹೊರಟರೂ ನನ್ನನ್ನು ಕೇಳಿಕೊಂಡು ಬರುತ್ತಾರೆ. ಏನು ಹೊತ್ತುಕೊಂಡು ಹೋಗಬೇಕು, ಯಾವ ಹೊತ್ತಿಗೆ ಹೋಗಬೇಕು. ನಾನೂ ಬಿಡದೆ ಹೇಳುತ್ತೇನೆ. ಯುಗಾದಿ ಕಳೆದು ಮುಂಗಾರಿಗೆ ಮೊದಲು ಹೋಗಿ. ಆಗ ಅಲ್ಲಿ ಬಂಡೆಗಳ ಸಂದಿಯಲ್ಲಿ ಕೆಂಪು ಹೂವು ತುಂಬಿರುತ್ತವೆ, ಬಿಸಿಲೂ ನಮ್ಮ ಮೈಗೆ ಹಿಡಿಸುವಂಥದ್ದು. ಅವರ ನಡುಬೇಸಿಗೆಯಲ್ಲಿ, ಅಂದರೆ ನಮ್ಮ ಮಳೆಗಾಲದ ಹೊತ್ತಿಗೆ, ತೀರಾ ಕಾದ ದಿನ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಬಿಡುವುದೂ ಉಂಟಂತೆ. ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಗುಡ್ಡ ಇದೆಯಲ್ಲ, ಅದಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತುಕೊಳ್ಳಬೇಕು. ಟಿಕೆಟ್ಟಿನಲ್ಲೇ ಹೊತ್ತು ಬರೆದಿರುತ್ತದೆ, ತಡವಾದರೆ ಯಾರೂ ಕೈ ಹಿಡಿದು ಒಳಗೆ ಕರೆಯುವುದಿಲ್ಲ.

ಚಪ್ಪಲಿಯ ವಿಷಯ ನಾನು ಒತ್ತಿ ಹೇಳುತ್ತೇನೆ. ಶಿವಗಂಗೆ ಹತ್ತಿದವರು ನಾವು, ಈ ಗುಡ್ಡ ಯಾವ ಲೆಕ್ಕ ಅಂತ ನಾನೂ ಮೊದಲ ದಿನ ಹವಾಯಿ ಚಪ್ಪಲಿಯಲ್ಲೇ ಹೊರಟೆ. ಶಿವಗಂಗೆಯ ಬಂಡೆ ಒರಟು, ಕಾಲನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಯದು ಅಮೃತಶಿಲೆ, ಎಷ್ಟೋ ಕಾಲದಿಂದ ಜನ ತುಳಿದು ತುಳಿದು ಎಣ್ಣೆ ಸವರಿದ ರೊಟ್ಟಿಹಂಚಿನ ಹಾಗಾಗಿದೆ. ಮೊದಲನೆಯ ಹೆಬ್ಬಾಗಿಲಿನಲ್ಲೇ ಜಾರಿ ಭಾವನ ಸೊಂಟ ತಬ್ಬಿಕೊಂಡೆ. "ಬಿಡ್ಲಾ, ನಿಮ್ಮಕ್ಕ ನೋಡ್ತಾವ್ಳೆ" ಎಂದು ಅವರು ನಗಿಸಿದರು. ಹಿಡಿತ ಇರುವ ಬೂಟು ಹಾಕಿಕೊಳ್ಳಿ. ಕೊಡೆ ಬೇಡ, ಗಾಳಿ ಅದನ್ನು ಮಗುಚಿ ಹಾಕುತ್ತದೆ. ಟೋಪಿಯನ್ನು ದಾರದಿಂದ ಗದ್ದಕ್ಕೆ ಕಟ್ಟಿಕೊಳ್ಳಿ. ನೀರಿನ ಬಾಟಲಿ ಬಿಸಾಕಬೇಡಿ, ಮೇಲೆ ನಲ್ಲಿ ಇದೆ. ಕಂಬ ಮುಟ್ಟಬೇಡಿ. ಭಾವ ದೇವಸ್ಥಾನ ಎಂಬ ಭಕ್ತಿಯಿಂದ ಒಂದು ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಲ್ಲಿಂದಲೋ ಸೀಟಿ ಕೇಳಿ ಬೆಚ್ಚಿಬಿದ್ದರು. "ಮುಟ್ಟಿ ನಮಸ್ಕಾರ ಮಾಡದ ಮೇಲೆ ಇದ್ಯಾವ ದೇವಸ್ಥಾನಾನಪ್ಪ" ಎಂದು ಆ ದಿನವೆಲ್ಲ ಗೊಣಗಿದರು. ಇನ್ನು ಬುತ್ತಿ. ಒಳಗೆ ತಿನ್ನಲು ಬಿಡುವುದಿಲ್ಲ, ಹೊರಗೆ ಬಂದ ಮೇಲೆ ತಿನ್ನಬಹುದು. ಅಕ್ಕ ಕೋಡುಬಳೆಯನ್ನೂ ರಾಗಿ ಹುರಿಹಿಟ್ಟನ್ನೂ ತಂದಿದ್ದಳು. ಶಿವಗಂಗೆಯಲ್ಲಾದರೆ ಕೋತಿ ಬಂದು ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಅಲ್ಲಿ ಬೆಕ್ಕುಗಳು ಬಂದು ಎದುರಿಗೆ ಕೂತು, ಕೊಟ್ಟರೆ ಕೊಡಿ ಅನ್ನುವ ಹಾಗೆ ಬೇರೆಲ್ಲೋ ನೋಡುತ್ತವೆ.

ಇಷ್ಟನ್ನು ಯಾರು ಕೇಳಿದರೂ ಹೇಳುತ್ತೇನೆ. ಎಪಿಡಾರಸ್ ವಿಷಯ ಬಂದಾಗ ಮಾತ್ರ "ಅದು ನೋಡುವಂಥ ಜಾಗ, ತಪ್ಪಿಸ್ಬೇಡಿ" ಎಂದು ಸುಮ್ಮನಾಗುತ್ತೇನೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದುಂಡು ಕಲ್ಲಿನ ಮೇಲೆ ನಿಂತಿದ್ದೆನಲ್ಲ. ದಾರಿ ತೋರಿಸುವ ಹೆಂಗಸು ಮೊದಲೇ ಎಚ್ಚರಿಸಿದ್ದರು: ಕೂಗಬಾರದು, ಹಾಡಬಾರದು, ಕಾವಲುಗಾರ ಸೀಟಿ ಊದುತ್ತಾನೆ, ಸಾಧಾರಣ ದನಿಯಲ್ಲಿ ಆಡಿದರೆ ಸಾಕು. ತೋರಿಸುವುದಕ್ಕೆ ಅವರು ಕಲ್ಲಿನ ಮೇಲೆ ನಿಂತು ಒಂದು ಕಾಗದ ಹರಿದರು. ನಾನೂ ಭಾವನೂ ಆಗ ನಡುವಿನ ಸಾಲುಗಳಲ್ಲಿದ್ದೆವು, ನಮ್ಮ ಕಿವಿಯ ಪಕ್ಕದಲ್ಲೇ ಹರಿದ ಹಾಗಾಯಿತು. ಭಾವ ತಿರುಗಿ ನೋಡಿದರು.

ಆಮೇಲೆ ನನ್ನ ಸರದಿ. ಕಣ್ಣು ಮುಚ್ಚಿಕೊಂಡೆ. ಸಭೆಯಲ್ಲಿ ತನ್ನವರನ್ನು ಕರೆದು ರಾಜ ಆಡುವ ಮೊದಲ ಮಾತು, ನಮ್ಮ ಮೇಷ್ಟ್ರು ನಾಲಗೆಯ ಮೇಲೆ ಕೂರಿಸಿಕೊಟ್ಟದ್ದು, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಹೇಳಿದೆ. ಕಲ್ಲಿನ ಸಾಲುಗಳು ನನ್ನ ದನಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಮೇಲಕ್ಕೆ ಒಯ್ದ ಹಾಗೆ ಕಂಡಿತು. ಕಣ್ಣು ತೆರೆದೆ.

ಟವೆಲ್ ಎದ್ದಿತ್ತು. ಎದ್ದದ್ದಷ್ಟೇ ಅಲ್ಲ, ಭಾವ ಎರಡು ಕೈಯಲ್ಲೂ ಅದನ್ನು ಹಿಡಿದು ಬೀಸುತ್ತಿದ್ದರು, ಎದ್ದು ನಿಂತು ಕುಣಿಯುತ್ತಿದ್ದರು. ನನ್ನ ಕಣ್ಣು ತುಂಬಿತು. ಅಕ್ಕ ಫೋನು ಇಳಿಸಿ, "ಬಂತು ಕಣೋ, ಟವೆಲ್ ಸಮೇತ ಬಂತು" ಎಂದಳು. ಊರಿಗೆ ಹೋಗಿ ತಮ್ಮನ ಮನೆಯ ಜಗಲಿಯ ಮೇಲೆ ಕೂತು, ನೋಡು ಎಂದು ಆ ಫೋನನ್ನು ಅವನ ಕೈಗೆ ಕೊಡುವುದನ್ನು ನಾನು ಅಲ್ಲೇ ನಿಂತು ಕಂಡೆ.

ಭಾವ ಏದುಸಿರು ಬಿಡುತ್ತಾ ಇಳಿದು ಬಂದರು. "ಹೋಗ್ಲಾ, ನೀನೂ ಒಂದ್ಸಲ ಮೇಲೆ ಹೋಗಿ ಕೂತ್ಕೊಂಡು ನೋಡು, ಸ್ವರ್ಗ" ಎಂದು ಟವೆಲನ್ನು ನನ್ನ ಹೆಗಲಿಗೆ ಹಾಕಿದರು. "ನಾನು ಕೆಳಗಿನಿಂದ ಮಾತಾಡ್ತೀನಿ. ಕೇಳಿಸಿದ್ರೆ ಎತ್ತು."

ನಾನು ಹತ್ತಿದೆ. ಮೆಟ್ಟಿಲು ಕಡಿದಾಗಿವೆ, ನಡುನಡುವೆ ನಿಲ್ಲುವುದು ಒಳ್ಳೆಯದು. ತುದಿಗೆ ಹೋಗಿ ಕೂತಾಗ ಇಡೀ ರಂಗಸ್ಥಳ ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಾಲ ಕೆಳಗೆ ಇತ್ತು. ಕೆಳಗೆ ಅಕ್ಕ ಮೆಲ್ಲಗೆ ಎದ್ದು ದುಂಡು ಕಲ್ಲಿನ ಹತ್ತಿರ ಬಂದಳು, ಅವಳಿಗೆ ಅಲ್ಲೊಂದು ಫೋಟೋ ಬೇಕಿತ್ತು. ಭಾವ ಅವಳ ಪಕ್ಕ ನಿಂತರು. ನಾನು ಇನ್ನೂ ಹತ್ತುತ್ತಲೇ ಇದ್ದೇನೆ ಎಂದುಕೊಂಡರೋ, ಆ ಪರದೇಶದಲ್ಲಿ ನಮ್ಮ ಮಾತು ಯಾರಿಗೆ ತಿಳಿಯುತ್ತದೆ ಎಂದುಕೊಂಡರೋ, ಅವರು ತಲೆ ಬಗ್ಗಿಸಿ ಹೆಂಡತಿಗೆ ಹೇಳಿದರು:

"ಇವತ್ತು ನಿಜವಾಗ್ಲೂ ಕೇಳಿಸ್ತು ಕಣೇ."

ನನ್ನ ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು ಆ ಮಾತು. ನಾನು ಟವೆಲಿಗೆ ಕೈ ಹಾಕಿದೆ.

"ಇವತ್ತು ಅಂದ್ರೆ?" ಅಕ್ಕನ ದನಿ. "ಯಾವಾಗಲೂ ಕೇಳಿಸ್ತಿತ್ತಲ್ಲ."

"ಎಲ್ಲಿ ಕೇಳಿಸ್ತಿತ್ತು! ಊರಲ್ಲಿ ಅವನ ಧ್ವನಿ ಮೂರನೇ ಚಾಪೆ ದಾಟ್ತಿರಲಿಲ್ಲ. ಬಾಯಿ ನಿಂತಿದ್ದು ನೋಡ್ಕೊಂಡು ಎತ್ತುತಿದ್ದೆ. ನಿಜವಾಗಿ ಕೇಳಿಸಿ ಎತ್ತಿದ್ದು ಇವತ್ತೇ ಮೊದಲು. ಅದ್ಕೇ ಕುಣಿದ್ನಲ್ಲ!"

ಅಕ್ಕ ಅವರ ಕಡೆ ತಿರುಗಿದಳು. "ಹಂಗಾದ್ರೆ ಚಿಕ್ಕೋನು ಹೇಳಿದ್ದು ನಿಜಾನೇ?"

"ನಿಜಾನೇ."

"ಅಷ್ಟು ಜನದ ಮುಂದೆ ಅವನನ್ನ ಸುಳ್ಳುಗಾರ ಮಾಡಿದ್ರಲ್ರೀ! ಆ ಮಗು ಮದುವೆ ದಿನ ಹಸೆಮಣೆ ಮೇಲೆ ಕೂತ್ಕೊಂಡು, ದೊಡ್ಡಪ್ಪ ಬರಲಿಲ್ವಾ ಅತ್ತೆ, ಬರಲಿಲ್ವಾ ಅತ್ತೆ ಅಂತ ನನ್ನೇ ಕೇಳ್ತಿತ್ತು."

"ಮೊದಮೊದಲು ಪಾಪ ಅಂತ ಎತ್ತಿದೆ ಕಣೇ. ಆಮೇಲೆ ಇಳಿಸೋಕೆ ಆಗಲಿಲ್ಲ."

ಪೈನ್ ಮರಗಳಲ್ಲಿ ಗಾಳಿ ಆಡುತ್ತಿತ್ತು. ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಅಂದರೆ ಅಕ್ಕ ಮೂಗು ಸೇದಿದ್ದೂ ನನಗೆ ಕೇಳಿಸಿತು.

ನಮ್ಮಜ್ಜಿ ಒಂದು ಗಾದೆ ಹೇಳುತ್ತಿದ್ದಳು, ನೆಚ್ಚಿದ ಎಮ್ಮೆ ಕೋಣ ಈಯಿತು ಅಂತ. ಚಿಕ್ಕಂದಿನಲ್ಲಿ ಅದನ್ನು ಕೇಳಿ ನಗುತ್ತಿದ್ದೆವು. ಎಮ್ಮೆಯನ್ನು ನೆಚ್ಚಿಕೊಂಡವನ ಮನೆಯಲ್ಲಿ ಅವತ್ತು ಏನಾಯಿತು ಅಂತ ಅಜ್ಜಿಯೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಕಲ್ಲಿನ ಮೇಲೆ ಕೂತು ನನ್ನ ನಾಟಕಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ನೋಡಿದೆ. ನಾನು ಮಾತಾಡುವಾಗ ಜನ ಉಸಿರು ಬಿಗಿಹಿಡಿದು ಸುಮ್ಮನಿರುತ್ತಾರೆ ಎಂದು ಎಷ್ಟು ಹಿಗ್ಗಿದ್ದೆ. ಅವರು ಕೇಳಿಸದೆ ಸುಮ್ಮನಿದ್ದರು. ಹಿಂದೆ ಎದ್ದು ಹೋಗುತ್ತಿದ್ದ ನೆರಳುಗಳನ್ನು ಕಂಡಾಗ, ದೂರದ ಊರಿನವರು, ಬಸ್ಸಿಗೆ ಹೊತ್ತಾಗಿರಬೇಕು ಎಂದುಕೊಳ್ಳುತ್ತಿದ್ದೆ. ಅವರೆಲ್ಲರ ತಲೆಯ ಮೇಲೆ ಬೆಳ್ಳಗೆ ಒಂದು ಟವೆಲ್ ಏಳುತ್ತಿತ್ತು, ನಾನು ಅದನ್ನೊಂದನ್ನೇ ನೋಡುತ್ತಿದ್ದೆ.

ಕೆಳಗಿನಿಂದ ಭಾವ ನನ್ನನ್ನು ಕಂಡರು. ಕೈಯಾಡಿಸಿ, ಮುಖ ಅರಳಿಸಿ, "ಏನ್ಲಾ ಭಾಮೈದ, ಕೇಳಿಸ್ತಾ?" ಎಂದರು.

ಕೇಳಿಸಿತು. ನಾನು ಟವೆಲ್ ಎತ್ತಲಿಲ್ಲ.

"ಕೇಳಿಸ್ತಾ?" ಇನ್ನೊಂದು ಸಲ, ಇನ್ನೂ ಜೋರಾಗಿ. ಟವೆಲ್ ನನ್ನ ಹೆಗಲ ಮೇಲೆಯೇ ಇತ್ತು. ಮೂರನೆಯ ಸಲ ಅವರು ಎರಡೂ ಕೈ ಬಾಯಿಗೆ ಇಟ್ಟುಕೊಂಡು ಕೂಗಿದರು. ಕಾವಲುಗಾರ ಸೀಟಿ ಊದಿದ. ಬೆಕ್ಕು ಎದ್ದು ಹೋಯಿತು.

ಇಳಿದು ಬಂದಾಗ ಭಾವ ನನ್ನ ಮುಖ ನೋಡಿ, "ಅಲ್ಲಿಗೆ ಗಾಳಿ ಜಾಸ್ತಿ ಇತ್ತೇನೋ" ಎಂದರು. ನಾನು ಟವೆಲನ್ನು ಅವರ ಕೈಗೆ ಕೊಟ್ಟೆ.

ಮಧ್ಯಾಹ್ನ ಬಸ್ಸು ನಮ್ಮನ್ನು ಮೈಸೀನಿಗೆ ಕರೆದುಕೊಂಡು ಹೋಯಿತು. ಅದೂ ಹಳೆಯ ಕೋಟೆ, ಹೆಬ್ಬಾಗಿಲ ಮೇಲೆ ಎರಡು ಕಲ್ಲಿನ ಸಿಂಹ, ಎರಡಕ್ಕೂ ತಲೆ ಇಲ್ಲ. ನೆರಳು ಎಂಬುದು ಆ ಗುಡ್ಡದ ಮೇಲೆ ಇಲ್ಲವೇ ಇಲ್ಲ. ಟೋಪಿ ಮರೆತರೆ ಕೆಟ್ಟಿರಿ. ಟಿಕೆಟ್ಟನ್ನು ಹೊರಗೆ ಬಂದ ಮೇಲೂ ಇಟ್ಟುಕೊಂಡಿರಿ, ರಸ್ತೆಯ ಆಚೆ ಜೇನುಗೂಡಿನ ಆಕಾರದ ಗೋರಿಯೊಂದಿದೆ, ಅಲ್ಲಿ ಮತ್ತೆ ತೋರಿಸಬೇಕು. ಆ ಗೋರಿಯ ಹೊರಗೆ, ಗೋಡೆಯ ಓರೆಯಲ್ಲಿ ಇದ್ದ ತುಂಡು ನೆರಳಿನಲ್ಲಿ ಮೂವರೂ ನಿಂತಿದ್ದೆವು. ಅಕ್ಕ ಕೋಡುಬಳೆಯ ಡಬ್ಬಿ ತೆಗೆದಳು. ಭಾವ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಭಾವ, ನೀವು ಆ ಕಲ್ಲಿನ ಮೇಲೆ ನಿಂತ್ಕೊಂಡು ಅಕ್ಕಂಗೆ ಹೇಳಿದ್ದು ನಂಗೆ ಕೇಳಿಸ್ತು" ಎಂದೆ.

"ಯಾವುದ್ಲಾ?"

"ಮೂರನೇ ಚಾಪೆ."

ಕೋಡುಬಳೆ ಅಗಿಯುವ ಸದ್ದು ನಿಂತಿತು. ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು.

"ಅದು ನನ್ನ ಕಿವೀನೇ ಮಂದ ಕಣ್ಲಾ" ಎಂದರು ಭಾವ. "ಮಗ್ಗದ ಸದ್ದಲ್ಲಿ ಬೆಳೆದೋನು. ನಂಗೆ ಕೇಳಿಸ್ಲಿಲ್ಲ ಅಂದ ಮಾತ್ರಕ್ಕೆ ನಿನ್ನ ಧ್ವನಿ..."

"ಕಿವಿ ಮಂದ ಆಗಿದ್ರೆ ಟವೆಲ್ ಕೆಳಗೇ ಇರಬೇಕಿತ್ತು. ಮೇಲಕ್ಕೆ ಹೆಂಗೆ ಹೋಯ್ತು?"

ಭಾವ ಕೈಯಲ್ಲಿ ಉಳಿದಿದ್ದ ಕೋಡುಬಳೆಯ ಚೂರನ್ನು ಮತ್ತೆ ಮುರಿದರು.

"ತಮ್ಮ ಎದೆ ಮುಟ್ಕೊಂಡು ಹೇಳಿ ಅಂದ್ನಲ್ಲ ಭಾವ. ಅವತ್ತಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ ಅಷ್ಟು ಜನದ ಮುಂದೆ ನಿನ್ನ ಮರ್ಯಾದೆ ಹೋಗ್ತಿತ್ತು ಕಣೋ."

"ಅವನದು ಹೋಯ್ತಲ್ಲ."

"ಪ್ರೀತಿಗೆ ಕಣ್ಲಾ ಮಾಡಿದ್ದು, ದ್ವೇಷಕ್ಕಲ್ಲ" ಎಂದು ಭಾವ ನನ್ನ ತೋಳು ಹಿಡಿಯಲು ಬಂದರು. ಅಕ್ಕ ನಡುವೆ ಬಂದು, "ಬಿಡಿ, ಈಗ ಅವನ್ನ ಮುಟ್ಬೇಡಿ" ಎಂದಳು. ನನ್ನ ಪರವಾಗಿ ಗಂಡನ ಮೇಲೆ ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆಂಗಳೂರಿನ ಹೆಂಗಸರೊಬ್ಬರು ಬಂದು ಗೋರಿ ಎಷ್ಟು ತಂಪಾಗಿದೆ, ಒಳಗೆ ಬನ್ನಿ ಎಂದು ಕರೆದರು. ಹೋದೆವು. ಒಳಗೆ ಮೂವರೂ ಮೂರು ಕಡೆ ನಿಂತೆವು.

ಪ್ರೀತಿ ಅನ್ನುವುದನ್ನು ನಾನು ಸುಳ್ಳು ಅನ್ನುವುದಿಲ್ಲ. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು, ಈಗಲೂ ಇದೆ. ಅದೇ ನನಗೆ ಹೆಚ್ಚು ಉರಿಯುವುದು. ಶತ್ರು ಹೇಳಿದ ಸುಳ್ಳಾದರೆ ಅದನ್ನು ಇಡುವುದಕ್ಕೆ ಮನಸ್ಸಿನಲ್ಲಿ ಒಂದು ಜಾಗ ಇರುತ್ತದೆ. ಇದನ್ನು ಎಲ್ಲಿಡಲಿ? ಪಾಪ ಎಂದರಲ್ಲ, ಆ ಮಾತು ಬೈಗುಳಕ್ಕಿಂತ ಆಳಕ್ಕೆ ಹೋಗಿ ಕೂತಿದೆ. ನನ್ನ ಮಾತು ಕೇಳಿಸಲಿಲ್ಲ ಅಂತ ಮುಖಕ್ಕೆ ಹೇಳಿದವನು ನನ್ನನ್ನು ಗಂಡಸು ಎಂದು ನಡೆಸಿಕೊಂಡ; ಕೇಳಿಸಿತು ಎಂದವರು ಚೌಡೇಶ್ವರಿ ಗುಡಿ ಮುಂದೆ ಕುಣಿಯುವ ಮಗುವಿಗೆ ಚಪ್ಪಾಳೆ ತಟ್ಟುವ ಹಾಗೆ ತಟ್ಟಿದರು. ಅದನ್ನು ನಂಬಿ ಸ್ವಂತ ತಮ್ಮನ ಮನೆಯ ಹೊಸಿಲು ಬಿಟ್ಟೆ. ಭಾವ ಅದನ್ನು ನೋಡುತ್ತಾ, ಮಗ್ಗದ ಶೆಡ್ಡಿನಲ್ಲಿ ನನಗೆ ಕಾಫಿ ತರಿಸಿಕೊಟ್ಟರು.

ಊರಿಗೆ ಬಂದ ಮೇಲೆ ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಹಬ್ಬಕ್ಕೆ ಹೋಗುತ್ತೇನೆ, ಉಣ್ಣುತ್ತೇನೆ, ಭಾವನ ಜೊತೆ ರೇಷ್ಮೆ ದರ, ಮಳೆ, ಮೊಳಕಾಲು ನೋವು ಎಲ್ಲ ಮಾತಾಡುತ್ತೇನೆ. ಆದರೆ "ಅಂಗಿ ಚೆನ್ನಾಗಿದೆ ಕಣ್ಲಾ" ಎಂದು ಅವರು ಅಂದರೆ ನನಗೆ ಅರಿವಿಲ್ಲದೆ ಅಕ್ಕನ ಮುಖ ನೋಡುತ್ತೇನೆ. ಅಕ್ಕನಿಗೆ ಅದು ಗೊತ್ತಾಗಿದೆ. ಭಾವನಿಗೂ. ಅವರು ಈಗ ನನ್ನ ಯಾವುದನ್ನೂ ಹೊಗಳುವುದಿಲ್ಲ.

ಆ ವಿಡಿಯೋ ಅಕ್ಕನ ಫೋನಿನಲ್ಲೇ ಇದೆ. ನಾನು ತಮ್ಮನಿಗೆ ತೋರಿಸಲಿಲ್ಲ. ತೋರಿಸಿದರೆ ತಪ್ಪಿದ್ದು ತಾನೇ ಎಂದು ಅವನು ನಂಬುತ್ತಿದ್ದ, ಯಾಕೆಂದರೆ ಅದೊಂದು ಟವೆಲ್ ನಿಜ.

ಸಂಕ್ರಾಂತಿ ಕಳೆದು ರಾಗಿ ಒಕ್ಕಣೆ ಮುಗಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಹಾರ್ಮೋನಿಯಂ ಕೇಳಿತು. ನಾನು ಹೆಂಡತಿಗೂ ಹೇಳದೆ ಎದ್ದು ಹೋದೆ. ಜಗಲಿಯ ಹತ್ತಿರಕ್ಕೆ ಹೋಗಲು ಕಾಲು ಬರಲಿಲ್ಲ. ಬಯಲಿನ ಈ ತುದಿಯ ಹುಣಸೆಮರದ ಕೆಳಗೆ ನಿಂತೆ. ಅಲ್ಲಿಂದ ರಂಗವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಜಗಲಿಯ ಮೇಲೆ ನನ್ನ ಪಾತ್ರ ಮಾಡುವ ಈಗಿನ ರಾಜ ನಿಂತಿದ್ದ, ಹೊಸಕೋಟೆ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ತಮ್ಮ ಪಕ್ಕದಲ್ಲಿ ಮಾತಿನ ಪುಸ್ತಕ ಹಿಡಿದು ಕೂತಿದ್ದ. ಕರೆಂಟು ಹೋಗಿತ್ತೋ ಏನೋ, ಮೈಕು ಇರಲಿಲ್ಲ. ರಾಜ ಎದೆಯುಬ್ಬಿಸಿ, ನಾನು ಎಪಿಡಾರಸ್‌ನಲ್ಲಿ ಹೇಳಿದ ಅದೇ ಮೊದಲ ಮಾತು ಹೇಳತೊಡಗಿದ. ಅವನ ಬಾಯಿ ಆಡುವುದು ಕಾಣುತ್ತಿತ್ತು. ಒಂದು ಮಾತೂ ಕೇಳಿಸಲಿಲ್ಲ.

ತಮ್ಮ ತಲೆಯೆತ್ತಿದವನು ಹುಣಸೆಮರದ ಕಡೆ ನೋಡಿದ. ಯಾರು ಎಂದು ಗುರುತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಪುಸ್ತಕ ಕೆಳಗಿಟ್ಟು ಎದ್ದು ನಿಂತ. ಜಗಲಿಯ ಅಂಚಿಗೆ ಬಂದು ಕೂಗಿದ:

"ಅಣ್ಣಾ, ಕೇಳಿಸ್ತಾ?"

ನನ್ನ ಹೆಗಲ ಮೇಲೆ ಟವೆಲ್ ಇತ್ತು. ಅದನ್ನು ಅಲ್ಲಿಯೇ ಬಿಟ್ಟು, ಇಲ್ಲ ಎಂದು ಎರಡೂ ಕೈ ಆಡಿಸಿದೆ.

ತಮ್ಮ ರಾಜನ ಕಡೆ ತಿರುಗಿದ. ಆಮೇಲೆ ಒಳಗೆ ಹೋಗಿ ಆ ಪುಟ್ಟ ಮೈಕಿನ ಡಬ್ಬಿ ತಂದು, ಮೈಕು ತೆಗೆದು ಅವನ ಕೊರಳಪಟ್ಟಿಗೆ ಸಿಕ್ಕಿಸಿದ. ಕರೆಂಟು ಬರುವವರೆಗೆ ಎಲ್ಲರೂ ಕಾದರು. ನಾನೂ ಕಾದೆ.